ಕಿಬ್ಬೊಟ್ಟೆಯ ನೋವೂ ನಮ್ಮ ಮೌನದ ಬೆಲೆಯೂ

ಲಕ್ಕೂರು, ಮಾಲೂರು ತಾಲೂಕಿನ ಒಂದು ಹೋಬಳಿ ಕೇಂದ್ರ. ಅಲ್ಲಿನ ಒಂದು ಮುಸ್ಲಿಮ್ ಕುಟುಂಬವನ್ನು ಊಹಿಸಿಕೊಳ್ಳಿ. ಮನೆಯ ಸೊಸೆಗೆ 32 ವರ್ಷ. ಇಬ್ಬರು ಮಕ್ಕಳು. ಆರು ವರ್ಷಗಳಿಂದ ಆಕೆಗೆ ಕಿಬ್ಬೊಟ್ಟೆಯ ನೋವು. ಮೊದಮೊದಲು ಮುಟ್ಟಿನ ದಿನಗಳಿಗೆ ಸೀಮಿತವಾಗಿದ್ದ ನೋವು ಕ್ರಮೇಣ ತಿಂಗಳ ಹೆಚ್ಚಿನ ದಿನಗಳನ್ನು ಆಕ್ರಮಿಸಿಕೊಂಡಿದೆ. ಸೊಂಟ ಸೆಳೆಯುತ್ತದೆ. ಮೂತ್ರಕ್ಕೆಂದು ರಾತ್ರಿ ನಾಲ್ಕೈದು ಬಾರಿ ಏಳಬೇಕು. ದಾಂಪತ್ಯವೆಂದರೆ ಭಯ. ಅತ್ತೆಗೆ ಹೇಳಿದರೆ, ನಮಗೂ ಇತ್ತು, ನಾವು ಸಹಿಸಿಕೊಳ್ಳಲಿಲ್ಲವೇ ಎಂಬ ಉತ್ತರ. ಗಂಡನಿಗೆ ಹೇಳಿದರೆ ಔಷಧದಂಗಡಿಯಿಂದ ನಾಲ್ಕು ಮಾತ್ರೆ. ನೆರೆಯವರ ಸಲಹೆಯಂತೆ ಒಂದು ತಾಯತವೂ ಬಂತು. ಕೊನೆಗೆ ಪೇಟೆಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ವರದಿಯಲ್ಲಿ ಏನೂ ಇಲ್ಲ. ಏನೂ ಇಲ್ಲವೆಂದ ಮೇಲೆ ಮನೆಯಲ್ಲಿ ಆಕೆಗೆ ಇನ್ನೊಂದು ಹೆಸರು ಬಂತು: ಸೋಮಾರಿ, ನಾಟಕಗಾರ್ತಿ. ಮತ್ತೊಂದು ವರ್ಷ ಕಳೆದ ಬಳಿಕ ಯಾರೋ ಹೇಳಿದರು: ಮಕ್ಕಳಾಗಿವೆಯಲ್ಲ, ಗರ್ಭಕೋಶವನ್ನೇ ತೆಗೆಸಿಬಿಡಿ, ಪೀಡೆ ಕಳೆಯುತ್ತದೆ.

ಈ ಮಹಿಳೆ ಕಾಲ್ಪನಿಕ. ಆದರೆ ಈ ಲೇಖನವನ್ನು ಓದುತ್ತಿರುವ ಅದೆಷ್ಟೋ ಸಹೋದರಿಯರು ಮೊದಲ ಹತ್ತು ಸಾಲುಗಳಲ್ಲೇ ತಮ್ಮನ್ನು ಗುರುತಿಸಿಕೊಂಡಿರಬಹುದು. ಆಕೆಯ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಲು ಆರು ವರ್ಷಗಳಲ್ಲಿ ಒಬ್ಬರಿಗೂ ಸಮಯ ಸಿಗಲಿಲ್ಲ. ಆದರೆ ಆಕೆಯ ಅಂಗವೊಂದನ್ನು ಕಿತ್ತು ಹಾಕುವ ತೀರ್ಮಾನಕ್ಕೆ ಒಂದು ಸಂಜೆಯ ಮಾತುಕತೆ ಸಾಕಾಯಿತು. ಅಷ್ಟಕ್ಕೂ ಈ ಸ್ಥಿತಿಗೆ ಯಾರು ಹೊಣೆ? ರೋಗವೇ, ವೈದ್ಯರೇ ಅಥವಾ ಲಜ್ಜೆಯ ಹೆಸರಿನಲ್ಲಿ ಮೌನವನ್ನು ಪೋಷಿಸಿಕೊಂಡು ಬಂದ ನಾವೇ?

ಮೊದಲು ರೋಗದ ಕುರಿತು ತಿಳಿದುಕೊಳ್ಳೋಣ. ಹೊಕ್ಕುಳ ಕೆಳಗಿನ ಭಾಗದಲ್ಲಿ, ಸೊಂಟದ ಎಲುಬುಗಳ ನಡುವೆ ಕಾಣಿಸಿಕೊಳ್ಳುವ ನೋವು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದರೆ ವೈದ್ಯಕೀಯ ವಿಜ್ಞಾನ ಅದನ್ನು ದೀರ್ಘಕಾಲದ ಶ್ರೋಣಿ ನೋವು ಎಂದು ಕರೆಯುತ್ತದೆ. ಇದಕ್ಕೆ ಒಂದೇ ಕಾರಣವಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಆ ಪುಟ್ಟ ಜಾಗದಲ್ಲಿ ಗರ್ಭಕೋಶ, ಅಂಡಾಶಯ, ಮೂತ್ರಕೋಶ, ಕರುಳು, ಅವುಗಳನ್ನು ಹೊತ್ತಿರುವ ಸ್ನಾಯುಗಳು, ನರಗಳು ಒಂದಕ್ಕೊಂದು ಒತ್ತಿಕೊಂಡಿವೆ. ನೋವು ಇವುಗಳಲ್ಲಿ ಯಾವುದರಿಂದಲೂ ಹುಟ್ಟಬಹುದು. ಎರಡು ಮೂರರಿಂದ ಒಟ್ಟಿಗೇ ಹುಟ್ಟಬಹುದು.

ಮೊದಲನೆಯದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ ಬೆಳೆಯುತ್ತದೆ. ಪ್ರತಿ ತಿಂಗಳೂ ಅಲ್ಲಿ ಉರಿಯೂತ, ರಕ್ತಸ್ರಾವ, ಅಂಟಿಕೊಳ್ಳುವಿಕೆ. ಸಂತಾನವಯಸ್ಸಿನ ಮಹಿಳೆಯರಲ್ಲಿ ಶೇ. 10ರಷ್ಟು ಮಂದಿ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಣ್ಮಕ್ಕಳು ಈ ರೋಗದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಲಕ್ಷಣಗಳು ಆರಂಭವಾದ ಬಳಿಕ ರೋಗವನ್ನು ಗುರುತಿಸಲು ಎಷ್ಟೋ ಮಂದಿಯಲ್ಲಿ 4ರಿಂದ 12 ವರ್ಷ ಹಿಡಿಯುತ್ತದೆ. ಆರಂಭದ ಹಂತದಲ್ಲಿ ಸಾಮಾನ್ಯ ಸ್ಕ್ಯಾನ್‌ನಲ್ಲಿ ಇದು ಕಾಣದೇ ಇರಬಹುದು. ಆದ್ದರಿಂದ ಸ್ಕ್ಯಾನ್ ಸರಿಯಾಗಿದೆ ಎಂಬುದರ ಅರ್ಥ ನೋವು ಸುಳ್ಳು ಎಂದಲ್ಲ. ಇದೇ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ಬೆಳೆದರೆ ಅದು ಅಡಿನೋಮಯೋಸಿಸ್. ಮುಟ್ಟಿನಲ್ಲಿ ಅತಿಯಾದ ಸ್ರಾವ ಮತ್ತು ಹಿಂಡುವಂಥ ನೋವು ಅದರ ಗುರುತು.

ಎರಡನೆಯದು ಸೋಂಕು. ಹೆರಿಗೆ ಅಥವಾ ಗರ್ಭಪಾತದ ನಂತರ ಸರಿಯಾಗಿ ಚಿಕಿತ್ಸೆಯಾಗದ ಸೋಂಕು ಗರ್ಭನಾಳಗಳಿಗೆ ಹಬ್ಬಿ ಒಳಗೆ ಗಾಯದ ಕಲೆ ಬಿಟ್ಟು ಹೋಗುತ್ತದೆ. ನಮ್ಮ ದೇಶದಲ್ಲಿ ಇದರ ಜೊತೆ ಕ್ಷಯವನ್ನೂ ಸೇರಿಸಬೇಕು. ಕ್ಷಯ ಎಂದೊಡನೆ ನಮಗೆ ನೆನಪಾಗುವುದು ಕೆಮ್ಮು. ಆದರೆ ಅದು ಗರ್ಭನಾಳ ಮತ್ತು ಗರ್ಭಕೋಶದಲ್ಲಿಯೂ ನೆಲೆಸಬಲ್ಲದು. ಕೆಮ್ಮಿಲ್ಲದೆ, ಕಫವಿಲ್ಲದೆ, ಬರೀ ಕಿಬ್ಬೊಟ್ಟೆಯ ನೋವು, ಮುಟ್ಟಿನ ಏರುಪೇರು, ಬಂಜೆತನದ ರೂಪದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರಿಂದ ಮೂದಲಿಕೆ ಕೇಳುತ್ತಿರುವ, ಎರಡನೆಯ ಮದುವೆಯ ಬೆದರಿಕೆಗೆ ಒಳಗಾಗಿರುವ ಹೆಣ್ಮಗಳ ಒಡಲಲ್ಲಿ ಇಂಥ ಕ್ಷಯವೇ ಇದ್ದಿರಬಹುದು. ಸರಕಾರ ಉಚಿತವಾಗಿ ನೀಡುವ ಔಷಧವನ್ನು ತಿಂಗಳುಗಟ್ಟಲೆ ನಿಯಮಿತವಾಗಿ ಸೇವಿಸಿದರೆ ಗುಣವಾಗುವ ಕಾಯಿಲೆಯಿದು. ತಡವಾದಷ್ಟೂ ಗರ್ಭನಾಳಕ್ಕೆ ಆಗುವ ಹಾನಿ ಹೆಚ್ಚು.

ಮೂರನೆಯದು ಗರ್ಭಕೋಶಕ್ಕೆ ಸಂಬಂಧವೇ ಇಲ್ಲದವು. ಮೂತ್ರಕೋಶ ತುಂಬಿದಾಗ ನೋವು, ಖಾಲಿಯಾದಾಗ ತುಸು ನೆಮ್ಮದಿ, ಪರೀಕ್ಷೆಯಲ್ಲಿ ಸೋಂಕಿಲ್ಲ. ಆದರೂ ಮತ್ತೆ ಮತ್ತೆ ಆಂಟಿಬಯೋಟಿಕ್. ಇದು ನೋವಿನ ಮೂತ್ರಕೋಶದ ಸಮಸ್ಯೆ. ಹೊಟ್ಟೆಯುಬ್ಬರ, ಮಲಬದ್ಧತೆ ಇಲ್ಲವೇ ಭೇದಿಯೊಡನೆ ಬರುವ ನೋವು ಕರುಳಿನ ಅತಿಸಂವೇದನೆಯದ್ದಾಗಿರಬಹುದು. ಸಿಸೇರಿಯನ್ ಅಥವಾ ಇತರ ಶಸ್ತ್ರಚಿಕಿತ್ಸೆಯ ನಂತರ ಒಳಗೆ ಅಂಟಿಕೊಂಡ ಅಂಗಾಂಶ, ಗಾಯದಲ್ಲಿ ಸಿಕ್ಕಿಕೊಂಡ ನರ, ನೋವಿಗೆ ಹೆದರಿ ಸದಾ ಬಿಗಿದುಕೊಂಡೇ ಇರುವ ಶ್ರೋಣಿಯ ಸ್ನಾಯುಗಳು, ಇವೂ ಕಾರಣಗಳೇ.

ಇನ್ನೂ ಒಂದು ಸತ್ಯವಿದೆ. ಗರ್ಭಕೋಶ, ಮೂತ್ರಕೋಶ, ಕರುಳು ಇವುಗಳಿಂದ ಹೊರಡುವ ನರಗಳು ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಒಂದರ ನೋವು ಮತ್ತೊಂದನ್ನು ಕೆಣಕುತ್ತದೆ. ವರ್ಷಗಟ್ಟಲೆ ನೋವು ತಿಂದ ನರಮಂಡಲವು ಕೊನೆಗೆ ಕೆಟ್ಟುಹೋದ ಎಚ್ಚರಿಕೆಯ ಗಂಟೆಯಂತಾಗುತ್ತದೆ. ಮುಟ್ಟಿದರೂ ಮೊಳಗುತ್ತದೆ, ಮುಟ್ಟದಿದ್ದರೂ ಮೊಳಗುತ್ತದೆ. ನಿದ್ದೆಗೇಡು, ಆತಂಕ, ಖಿನ್ನತೆ ಇದರ ಬೆನ್ನಿಗೇ ಬರುತ್ತವೆ. ಇವೆಲ್ಲ ನೋವಿನ ಜೊತೆಗಾರರು. ಇವನ್ನು ನೋಡಿ, ಇದು ಮನಸ್ಸಿನ ರೋಗ, ಆಕೆಯೇ ಕಲ್ಪಿಸಿಕೊಂಡದ್ದು ಎಂದು ತೀರ್ಪು ಕೊಡುವುದು ಅನ್ಯಾಯ. ಹೀಗೆ ಕೆರಳಿದ ನರಮಂಡಲದ ನೋವು, ಗರ್ಭಕೋಶವನ್ನು ತೆಗೆದ ಮಾತ್ರಕ್ಕೆ ಹೋಗುವುದೆಂಬ ಖಾತರಿ ಇಲ್ಲ. ಅಂಗ ಹೋಗಿಯೂ ನೋವು ಉಳಿದವರು ಇದ್ದಾರೆ.

ಇಷ್ಟೆಲ್ಲ ಸಾಧ್ಯತೆಗಳಿರುವ ನೋವಿಗೆ ನಾವು ಉಳಿಸಿಕೊಂಡಿರುವ ದಾರಿಗಳು ಎರಡೇ: ಸಹಿಸಿಕೋ ಅಥವಾ ಕೊಯ್ಸಿಕೋ. ಈ ಎರಡರ ನಡುವೆ ಇರಬೇಕಾದ ಅರಿವು ಇಲ್ಲವಾದಾಗ ಏನಾಗುತ್ತದೆಂಬುದಕ್ಕೆ ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆ ಸಾಕ್ಷಿ ನುಡಿದಿದೆ. ಅಲ್ಲಿನ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಬಡ ಮಹಿಳೆಯರು ಹೊಟ್ಟೆನೋವು, ಬೆನ್ನುನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದರು. ಕ್ಯಾನ್ಸರ್ ಆಗುತ್ತದೆ, ತೆಗೆಯದಿದ್ದರೆ ಸಾಯುತ್ತೀರಿ ಎಂದು ಅವರನ್ನು ಹೆದರಿಸಲಾಯಿತು. ಹೀಗೆ ಗರ್ಭಕೋಶ ಕಳೆದುಕೊಂಡವರ ಸಂಖ್ಯೆ ಎರಡು ಸಾವಿರಕ್ಕೂ ಅಧಿಕವೆಂದು ತನಿಖೆಯಲ್ಲಿ ಬಯಲಾಯಿತು. ಅವರಲ್ಲಿ ಅನೇಕರು ನಲವತ್ತನ್ನೂ ದಾಟದವರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಬೆನ್ನು ಹತ್ತಿದ ಕಾರಣ 2015ರಲ್ಲಿ ಈ ಪ್ರಕರಣ ನಾಡಿನ ಗಮನಕ್ಕೆ ಬಂತು. ನ್ಯಾಯಕ್ಕಾಗಿ 2017ರಲ್ಲಿ ಆ ಮಹಿಳೆಯರೇ ಬೀದಿಗಿಳಿಯಬೇಕಾಯಿತು.

ಕಲಬುರಗಿ ಒಂಟಿ ಪ್ರಕರಣವಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಮೂರು ವರ್ಷಗಳ ಅವಧಿಯಲ್ಲಿ 4,605 ಮಹಿಳೆಯರ ಗರ್ಭಕೋಶ ತೆಗೆಯಲಾಗಿದೆಯೆಂದು 2019ರಲ್ಲಿ ಅಲ್ಲಿನ ಸರಕಾರವೇ ಶಾಸನಸಭೆಯಲ್ಲಿ ಒಪ್ಪಿಕೊಂಡಿತು. ಕಬ್ಬು ಕಡಿಯುವ ಆ ಹೆಣ್ಮಕ್ಕಳಿಗೆ ಮುಟ್ಟಿನ ದಿನದ ರಜೆಯೆಂದರೆ ಕೂಲಿ ಕಡಿತ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ನಡೆದ ಇಂಥದೇ ಶಸ್ತ್ರಚಿಕಿತ್ಸೆಗಳ ವಿರುದ್ಧ ಡಾ. ನರೇಂದ್ರ ಗುಪ್ತಾ 2013ರಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದರು. ತೀರ್ಪು ಬಂದದ್ದು 2023ರ ಏಪ್ರಿಲ್‌ನಲ್ಲಿ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ನಲವತ್ತಕ್ಕಿಂತ ಕಡಿಮೆ ವಯಸ್ಸಿನ ಮಹಿಳೆಯರ ಪ್ರಕರಣಗಳನ್ನು ಕಾರಣಸಹಿತ ದಾಖಲಿಸಿ ಪರಿಶೀಲಿಸುವುದು ಅದರ ಮುಖ್ಯ ಅಂಶಗಳಲ್ಲೊಂದು. ನಮ್ಮ ಜಿಲ್ಲೆಗಳಲ್ಲಿ ಈ ಪರಿಶೀಲನೆ ನಡೆಯುತ್ತಿದೆಯೇ ಎಂದು ಕೇಳಿದ ಜನಪ್ರತಿನಿಧಿ ಯಾರು? ಚುನಾವಣೆಯ ವೇಳೆ ನಮ್ಮ ಓಣಿಗಳಿಗೆ ಬರುವವರಲ್ಲಿ ಈ ಪ್ರಶ್ನೆಯನ್ನು ಎತ್ತಿದ ಮತದಾರ ಯಾರು?

ವ್ಯವಸ್ಥೆಯ ದೋಷವೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ತ್ರೀರೋಗ ತಜ್ಞರ ಹುದ್ದೆಯನ್ನೇ ಸರಕಾರ ನಿಗದಿಪಡಿಸಿಲ್ಲ. ಹೋಬಳಿಯ ಮಹಿಳೆ ತಾಲೂಕು ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಹೋಗಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ವೆಚ್ಚವನ್ನು ಭರಿಸುತ್ತದೆ. ಕೊಯ್ದರೆ ಹಣವಿದೆ, ಅರ್ಧ ಗಂಟೆ ಕುಳಿತು ರೋಗಿಯ ಮಾತು ಕೇಳುವುದಕ್ಕೆ, ಸ್ನಾಯುಗಳ ವ್ಯಾಯಾಮ ಕಲಿಸುವುದಕ್ಕೆ ಹಣವಿಲ್ಲ. ದೇಶದಲ್ಲಿ ನಡೆಯುವ ಗರ್ಭಕೋಶದ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖಾಸಗಿ ಆಸ್ಪತ್ರೆಗಳಲ್ಲಿ ನಡೆಯುತ್ತಿವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಈ ಅಂಕಿಯನ್ನು ಓದಿ ಸುಮ್ಮನಾಗುವುದು ಜಾಣತನವಲ್ಲ.

ಹಾಗಂತ ಗರ್ಭಕೋಶ ತೆಗೆಯುವುದೇ ತಪ್ಪು ಎಂದು ಇಲ್ಲಿ ವಾದಿಸುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಔಷಧಕ್ಕೆ ಬಗ್ಗದ ರಕ್ತಸ್ರಾವವಿದ್ದರೆ, ದೊಡ್ಡ ಗಡ್ಡೆಗಳಿದ್ದರೆ, ಗರ್ಭಕೋಶ ಜಾರಿದ್ದರೆ ಆ ಶಸ್ತ್ರಚಿಕಿತ್ಸೆ ಜೀವವನ್ನೂ ನೆಮ್ಮದಿಯನ್ನೂ ಉಳಿಸುತ್ತದೆ. ಇತರ ಎಲ್ಲ ಚಿಕಿತ್ಸೆ ವಿಫಲವಾದ ಅಡಿನೋಮಯೋಸಿಸ್‌ನಲ್ಲಿಯೂ ಅದಕ್ಕೆ ಸ್ಥಾನವಿದೆ. ಪ್ರಾಮಾಣಿಕವಾಗಿ ದುಡಿಯುವ ವೈದ್ಯರ ದೊಡ್ಡ ಪಡೆಯೇ ನಮ್ಮ ನಡುವೆ ಇದೆ. ಪ್ರಶ್ನೆಯಿರುವುದು ಕೊನೆಯಲ್ಲಿ ಬರಬೇಕಾದ ಚಿಕಿತ್ಸೆ ಮೊದಲು ಬರುವುದರ ಬಗ್ಗೆ. ಮೂವತ್ತರ ಹರೆಯದಲ್ಲಿ ಅಂಡಾಶಯವನ್ನೂ ಸೇರಿಸಿ ತೆಗೆದರೆ ಆಕೆ ಅಂದೇ ಮುಟ್ಟು ನಿಂತವಳಾಗುತ್ತಾಳೆ. ಎಲುಬುಗಳು ಸವೆಯುತ್ತವೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಅಂಡಾಶಯ ಉಳಿಸಿದರೂ ಮುಟ್ಟುನಿಲುಗಡೆಯ ಕಾಲ ಮುಂಚಿತವಾಗಿ ಬರಬಹುದು. ಇದನ್ನು ಸಹಿ ಹಾಕುವ ಮುನ್ನ ಆಕೆಗೆ ತಿಳಿಸಿದವರಾರು? ಅಷ್ಟಕ್ಕೂ ಸಹಿ ಹಾಕಿದ್ದು ಆಕೆಯೇ ಅಥವಾ ಆಕೆಯ ಪತಿಯೇ?

ಈ ನೋವು ಹೆಣ್ಣಿಗಷ್ಟೇ ಮೀಸಲು ಎಂದು ಭಾವಿಸುವ ಪುರುಷರಿಗೂ ಒಂದು ಮಾತಿದೆ. ವೃಷಣದ ಹಿಂದೆ, ಗುದದ್ವಾರದ ಮುಂದೆ ತಿಂಗಳುಗಟ್ಟಲೆ ಉಳಿಯುವ ನೋವು, ಮೂತ್ರದ ಉರಿ, ಸ್ಖಲನದ ವೇಳೆಯ ನೋವು, ಇವು ಪ್ರೋಸ್ಟೇಟ್‌ಗೆ ಸಂಬಂಧಿಸಿದ ದೀರ್ಘಕಾಲದ ಶ್ರೋಣಿ ನೋವಿನ ಲಕ್ಷಣಗಳು. ಇಂಥ ಹೆಚ್ಚಿನ ಪ್ರಕರಣಗಳಲ್ಲಿ ಯಾವುದೇ ಬ್ಯಾಕ್ಟೀರಿಯಾ ಇರುವುದಿಲ್ಲ. ಆದರೆ ಯುವಕ ಇದನ್ನು ತಂದೆಗೆ ಹೇಳಲಾರ, ಪತ್ನಿಗೆ ಹೇಳಲಾರ. ಆತನ ನೋವಿನ ಬಗ್ಗೆ ಬಹಿರಂಗವಾಗಿ ಮಾತಾಡುವುದು ಬಸ್‌ಸ್ಟ್ಯಾಂಡಿನ ಮೂತ್ರಾಲಯದ ಗೋಡೆ ಮಾತ್ರ. ಗುಪ್ತರೋಗಕ್ಕೆ ಶರ್ತಿಯಾ ಇಲಾಜ್ ಎಂಬ ಆ ಗೋಡೆಬರಹವನ್ನು ನಂಬಿ ಆತ ಸಾವಿರಾರು ರೂಪಾಯಿ ಸುರಿಯುತ್ತಾನೆ. ತನ್ನ ಪುರುಷತ್ವವೇ ಹೋಯಿತೆಂಬ ಭೀತಿಯನ್ನು ಹೊತ್ತು ತರುತ್ತಾನೆ. ನಾವು ಮನೆಯಲ್ಲಿ ಮುಚ್ಚಿದ ಬಾಗಿಲನ್ನು ನಕಲಿ ವೈದ್ಯ ಬೀದಿಯಲ್ಲಿ ತೆರೆದಿಟ್ಟಿದ್ದಾನೆ, ಅಷ್ಟೇ.

ಈ ಮೌನಕ್ಕೆ ನಾವು ಕೊಡುವ ಸಮರ್ಥನೆ ಲಜ್ಜೆ. ಇಸ್ಲಾಮ್ ಲಜ್ಜೆಯನ್ನು ಕಲಿಸಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಲಜ್ಜೆ? ನಿಲ್ಲದ ರಕ್ತಸ್ರಾವದಿಂದ ಬಳಲುತ್ತಿದ್ದ ಫಾತಿಮಾ ಬಿಂತ್ ಅಬೀ ಹುಬೈಶ್(ರ) ನೇರವಾಗಿ ಪ್ರವಾದಿಯವರ(ಸ) ಬಳಿಗೆ ಬಂದು ತನ್ನ ಸ್ಥಿತಿಯನ್ನು ವಿವರಿಸಿದರು. ಪ್ರವಾದಿವರ್ಯರು(ಸ) ಆಕೆಯನ್ನು ಗದರಲಿಲ್ಲ, ಮುಖ ತಿರುಗಿಸಲಿಲ್ಲ, ಎಲ್ಲ ಹೆಂಗಸರಿಗೂ ಇರುವುದೇ ಎನ್ನಲಿಲ್ಲ. ಮುಟ್ಟು ಬೇರೆ, ಈ ಸ್ರಾವ ಬೇರೆ ಎಂದು ಬಿಡಿಸಿ ಹೇಳಿದರು. ಹೆಣ್ಣೊಬ್ಬಳ ದೇಹದ ದೂರನ್ನು ಆಲಿಸಿ, ಸಾಮಾನ್ಯ ಯಾವುದು, ಅಸಾಮಾನ್ಯ ಯಾವುದು ಎಂದು ವಿಂಗಡಿಸಿದ ಆ ಘಟನೆಯನ್ನು ನಮ್ಮ ಮದ್ರಸಗಳಲ್ಲಿ ಶುದ್ಧಿಯ ಪಾಠವಾಗಿ ಕಲಿಸುತ್ತೇವೆ. ಅದರಲ್ಲಿರುವ ಆಲಿಸುವ ಪಾಠವನ್ನು ಮಾತ್ರ ಬಿಟ್ಟುಬಿಡುತ್ತೇವೆ. ಅನ್ಸಾರಿ ಮಹಿಳೆಯರು ಪ್ರಶ್ನೆ ಕೇಳಲು ಲಜ್ಜೆಯನ್ನು ಅಡ್ಡಿಯಾಗಿಸಿಕೊಳ್ಳಲಿಲ್ಲವೆಂದು ಹಝ್ರತ್ ಆಯಿಶಾ(ರ) ಮೆಚ್ಚುಗೆಯಿಂದ ಸ್ಮರಿಸಿದ್ದಾರೆ. ಹೀಗಿರುವಾಗ ಹದಿನೈದರ ಬಾಲಕಿ ಪ್ರತಿ ತಿಂಗಳೂ ಮೂರು ದಿನ ಶಾಲೆ ತಪ್ಪಿಸಿ ನೆಲದಲ್ಲಿ ಮುದುಡಿ ಮಲಗಿದಾಗ, ಮದುವೆಯಾದರೆ ಸರಿಹೋಗುತ್ತದೆ ಎಂದು ನಾವು ಯಾವ ಆಧಾರದಲ್ಲಿ ಹೇಳುತ್ತೇವೆ? ಮದುವೆ ಔಷಧವಲ್ಲ. ರೋಗವನ್ನು ಮುಚ್ಚಿಟ್ಟು ಮಾಡುವ ಮದುವೆಯಲ್ಲಿ ನರಳುವುದು ಇಬ್ಬರು.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರಿಗೆ ಈ ವಿಷಯ ತಿಳಿದಿತ್ತು. ಬೆಂಗಳೂರು ದಂಡುಪ್ರದೇಶದ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಠ್‌ರ ಹೆಸರಿನಲ್ಲಿ ಶಿವಾಜಿನಗರದಲ್ಲಿರುವ ಘೋಷಾ ಆಸ್ಪತ್ರೆಯನ್ನು ನೋಡಿ. ಘೋಷಾ ಎಂದರೆ ಪರ್ದಾ. ಪರ್ದಾ ಚಿಕಿತ್ಸೆಗೆ ಅಡ್ಡಿಯಾಗಬಾರದು ಎಂಬ ತಿಳುವಳಿಕೆಯಿಂದ ಹುಟ್ಟಿದ ಆಸ್ಪತ್ರೆಯದು. ಇಂದು ಅದು ಸರಕಾರಿ ಆಸ್ಪತ್ರೆಯಾಗಿ ಎಲ್ಲ ಧರ್ಮದ ತಾಯಂದಿರಿಗೂ ಬಾಗಿಲು ತೆರೆದಿದೆ. ನಾವೋ, ಮೂರು ಅಂತಸ್ತಿನ ಶಾದಿ ಮಹಲ್ ಕಟ್ಟುತ್ತೇವೆ. ಅಲ್ಲಿ ಮದುವೆಯಾಗುವ ಹೆಣ್ಮಗಳಿಗೆ ತಿಂಗಳಿಗೊಮ್ಮೆ ಮಹಿಳಾ ವೈದ್ಯರೊಬ್ಬರನ್ನು ಕರೆಸುವ ಯೋಚನೆ ಜಮಾಅತ್ ಸಮಿತಿಯ ಕಾರ್ಯಸೂಚಿಯಲ್ಲಿ ಇರುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲು ನೋವಿಗೆ ಒಂದು ಲೆಕ್ಕವಿಡಿ. ಎರಡು ಮೂರು ತಿಂಗಳು ಒಂದು ಪುಟ್ಟ ಪುಸ್ತಕದಲ್ಲಿ, ನೋವು ಯಾವ ದಿನ, ಎಲ್ಲಿ, ಎಷ್ಟು. ಮುಟ್ಟಿನೊಂದಿಗೆ, ಮೂತ್ರದೊಂದಿಗೆ, ಮಲವಿಸರ್ಜನೆಯೊಂದಿಗೆ, ದಾಂಪತ್ಯದೊಂದಿಗೆ ಅದರ ಸಂಬಂಧವೇನು ಎಂದು ಬರೆದಿಡಿ. ಓದು ಬಾರದ ತಾಯಿಗೆ ಮಗಳು ಬರೆದುಕೊಡಲಿ. ಸ್ಕ್ಯಾನ್‌ಗಿಂತ ಹೆಚ್ಚಿನದನ್ನು ಆ ಪುಸ್ತಕ ವೈದ್ಯರಿಗೆ ಹೇಳಬಲ್ಲದು. ನೋವುನಿವಾರಕ, ಹಾರ್ಮೋನಿನ ಮಾತ್ರೆ, ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನ್ ಸಾಧನ, ಶ್ರೋಣಿಯ ಸ್ನಾಯುಗಳಿಗೆ ಫಿಸಿಯೋಥೆರಪಿ, ನಿದ್ದೆ ಮತ್ತು ಮನಸ್ಸಿಗೆ ಆಸರೆ, ಅಗತ್ಯವಿದ್ದರೆ ಲ್ಯಾಪರೋಸ್ಕೋಪಿ, ಹೀಗೆ ಚಿಕಿತ್ಸೆಗೆ ಮೆಟ್ಟಿಲುಗಳಿವೆ. ಒಂದೇ ಮಾತ್ರೆಯಲ್ಲಿ ಪವಾಡವಾಗದು. ತಿಂಗಳುಗಳ ತಾಳ್ಮೆ ಬೇಕು. ಗರ್ಭಕೋಶ ತೆಗೆಯಬೇಕೆಂದು ಯಾರಾದರೂ ಹೇಳಿದರೆ ನಾಲ್ಕು ಪ್ರಶ್ನೆ ಕೇಳಿ: ರೋಗದ ಹೆಸರೇನು? ಬೇರೆ ಚಿಕಿತ್ಸೆ ಏನಿದೆ? ತೆಗೆದರೆ ಈ ನೋವು ಹೋಗುತ್ತದೆಯೇ? ಅಂಡಾಶಯವನ್ನು ಉಳಿಸುತ್ತೀರಾ? ಆ ಬಳಿಕ ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲೋ ಟಮಕದ ವೈದ್ಯಕೀಯ ಕಾಲೇಜಿನಲ್ಲೋ ಬೆಂಗಳೂರಿನ ವಾಣಿವಿಲಾಸದಲ್ಲೋ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಆದರೆ ಹಠಾತ್ ತೀವ್ರ ನೋವು, ನೋವಿನೊಂದಿಗೆ ಜ್ವರ, ಮುಟ್ಟು ತಪ್ಪಿದ ಬಳಿಕದ ನೋವು ಅಥವಾ ತಲೆಸುತ್ತು ಕಾಣಿಸಿಕೊಂಡರೆ ಲೆಕ್ಕ ಬರೆಯುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತ ನಂತರದ ರಕ್ತಸ್ರಾವವನ್ನೂ ಕಡೆಗಣಿಸಬೇಡಿ.

ಪತಿಯಂದಿರಿಗೆ ಒಂದು ವಿನಂತಿ. ಆಸ್ಪತ್ರೆಯ ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತ ಕಾಯಬೇಡಿ, ಒಳಗೆ ಬನ್ನಿ. ದಾಂಪತ್ಯದಲ್ಲಿ ಆಕೆ ಹಿಂಜರಿಯುತ್ತಾಳೆಂದರೆ ಅದು ಪ್ರೀತಿಯ ಕೊರತೆಯೆಂದು ತೀರ್ಮಾನಿಸುವ ಮುನ್ನ ನೋವಾಗುತ್ತದೆಯೇ ಎಂದು ಕೇಳಿ. ಖತೀಬರು ವರ್ಷದಲ್ಲಿ ಒಂದು ಶುಕ್ರವಾರವನ್ನಾದರೂ ಈ ವಿಷಯಕ್ಕೆ ಮೀಸಲಿಡಲಿ. ಘನತೆಯ ಭಾಷೆಯಲ್ಲಿ ಇದನ್ನು ಹೇಳಲು ಸಾಧ್ಯವಿದೆ.

ಲಕ್ಕೂರಿನ ಆ ಮನೆಯ ಸೊಸೆಯ ಬಳಿಗೆ ಮತ್ತೆ ಹೋಗೋಣ. ಶಸ್ತ್ರಚಿಕಿತ್ಸೆಯ ದಿನ ಇನ್ನೂ ನಿಗದಿಯಾಗಿಲ್ಲ. ಮನೆಯವರು ಹಣ ಹೊಂದಿಸುತ್ತಿದ್ದಾರೆ. ಈ ರಾತ್ರಿ ಆಕೆಯ ಅತ್ತೆಯೋ ಪತಿಯೋ ಆಕೆಯ ಬಳಿ ಕುಳಿತು, ನಿನಗೆ ಎಲ್ಲಿ ನೋವಾಗುತ್ತದೆ, ಯಾವಾಗಿನಿಂದ ಎಂದು ಕೇಳಿ, ಆಕೆ ಹೇಳಿ ಮುಗಿಸುವವರೆಗೆ ನಡುವೆ ಮಾತಾಡದಿದ್ದರೆ ಚಿಕಿತ್ಸೆಯ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ. ಅದಕ್ಕೆ ಹಣ ಬೇಕಾಗಿಲ್ಲ, ತಜ್ಞರೂ ಬೇಕಾಗಿಲ್ಲ. ಅದನ್ನೂ ಮಾಡಲಾರದ ಮನೆಯು ಆಕೆಯ ಗರ್ಭಕೋಶದ ಬಗ್ಗೆ ತೀರ್ಮಾನ ಕೈಗೊಳ್ಳುವ ಹಕ್ಕನ್ನು ಎಲ್ಲಿಂದ ಪಡೆಯಿತು?